ಹಗುರ ವೀಲ್‌ಗೆ ದುಡ್ಡು ಹಾಕಬೇಕಾ? ಮೊದಲು ತಕ್ಕಡಿ ತನ್ನಿ

ಪ್ರಾಜೆಕ್ಟ್ ಕಾರು (ಹವ್ಯಾಸಕ್ಕೆ ಅಂತ ರಿಪೇರಿ, ಬದಲಾವಣೆ ಮಾಡುತ್ತಾ ಹೋಗುವ ಕಾರು) ಶುರು ಮಾಡಿದವರು ಕೇಳುವ ಮೊದಲ ಮೂರು ಪ್ರಶ್ನೆಗಳಲ್ಲಿ ಇದೊಂದು ಇದ್ದೇ ಇರುತ್ತದೆ: "ಲೈಟ್‌ವೇಟ್ ವೀಲ್ ಹಾಕಿಸಿದ್ರೆ ನಿಜವಾಗಲೂ ಫರಕು ಗೊತ್ತಾಗುತ್ತಾ?" ಪ್ರತಿಯೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಚುಟುಕಾಗಿ ಹೇಳುವುದಾದರೆ, ಫರಕು ಗೊತ್ತಾಗುತ್ತದೆ. ಆದರೆ ನೀವು ಅಂದುಕೊಂಡ ಜಾಗದಲ್ಲಿ ಅಲ್ಲ. ಬಹಳ ಜನ ಪಿಕಪ್ ಜಾಸ್ತಿ ಆಗಲಿ ಅಂತ ಹಗುರ ವೀಲ್ ಕೊಳ್ಳುತ್ತಾರೆ. ಪಿಕಪ್‌ನಲ್ಲಿ ಸಿಗುವುದು ತೀರಾ ಸ್ವಲ್ಪ. ನಿಜವಾದ ಲಾಭ ಇರುವುದು ಒರಟು ರಸ್ತೆಯಲ್ಲಿ ಟೈರು ನೆಲಕ್ಕೆ ಅಂಟಿಕೊಂಡಿರುವುದರಲ್ಲಿ ಮತ್ತು ಸ್ಟೀರಿಂಗ್ ಚುರುಕಾಗುವುದರಲ್ಲಿ. ಇದು ನಿಮ್ಮ ಕಾರಿಗೆ ಎಷ್ಟರ ಮಟ್ಟಿಗೆ ಅನ್ವಯಿಸುತ್ತದೆ ಅಂತ ನೀವೇ ಲೆಕ್ಕ ಹಾಕಬಹುದು.

ಬೇಕಾದ ಸಾಮಾನು ಜಾಸ್ತಿಯೇನಿಲ್ಲ. ಲಗೇಜ್ ತೂಗುವ ನೇತಾಡಿಸುವ ಡಿಜಿಟಲ್ ತಕ್ಕಡಿ, ಟೇಪು, ನೇರವಾದ ಒಂದು ಪಟ್ಟಿ, ವರ್ನಿಯರ್ ಕ್ಯಾಲಿಪರ್, ಜ್ಯಾಕು, ಗಟ್ಟಿಯಾದ ಸ್ಟ್ಯಾಂಡುಗಳು, ಟಾರ್ಕ್ ರೆಂಚ್, ಕಾರಿನ ಕೈಪಿಡಿ, ಒಂದು ನೋಟ್‌ಬುಕ್. ಜ್ಯಾಕಿನ ಮೇಲಷ್ಟೇ ನಿಂತ ಕಾರಿನ ಕೆಳಗೆ ಕೈ ಹಾಕಬೇಡಿ.

ಮೊದಲು ಎರಡು ಪದ

ಕಾರಿನ ತೂಕದಲ್ಲಿ ಎರಡು ಭಾಗ. ಬಾಡಿ, ಎಂಜಿನ್, ಸೀಟು, ನೀವು: ಇವೆಲ್ಲ ಸ್ಪ್ರಿಂಗ್‌ಗಳ ಮೇಲೆ ಕುಳಿತಿವೆ. ವೀಲು, ಟೈರು, ಬ್ರೇಕ್ ಡಿಸ್ಕು, ಕ್ಯಾಲಿಪರ್ (ಡಿಸ್ಕನ್ನು ಅಮುಕಿ ಹಿಡಿಯುವ ಬ್ರೇಕ್ ಭಾಗ), ಹಬ್ (ವೀಲ್ ಕೂರುವ ನಡುಭಾಗ), ಸಸ್ಪೆನ್ಷನ್ ತೋಳುಗಳ ಅರ್ಧದಷ್ಟು ತೂಕ: ಇವು ಸ್ಪ್ರಿಂಗ್‌ನ ಕೆಳಗಿವೆ. ಈ ಕೆಳಗಿನ ತೂಕಕ್ಕೆ ಅನ್‌ಸ್ಪ್ರಂಗ್ ತೂಕ ಎನ್ನುತ್ತಾರೆ. ರಸ್ತೆಯ ಉಬ್ಬು ಮೊದಲು ಹೊಡೆಯುವುದು ಇದಕ್ಕೇ.

ಎರಡನೆಯದು ಜಡತ್ವ ಭ್ರಾಮಕ. ಹೆಸರು ಹೆದರಿಸುತ್ತದೆ, ವಿಷಯ ಸುಲಭ. ತಿರುಗುವ ವಸ್ತುವನ್ನು ತಿರುಗಿಸಲು ಅಥವಾ ನಿಲ್ಲಿಸಲು ಎಷ್ಟು ಕಷ್ಟ ಅನ್ನುವುದರ ಅಳತೆ ಇದು. ತೂಕ ಎಷ್ಟಿದೆ ಅನ್ನುವುದರ ಜೊತೆಗೆ ಅದು ನಡುವಿನಿಂದ ಎಷ್ಟು ದೂರದಲ್ಲಿದೆ ಅನ್ನುವುದೂ ಮುಖ್ಯ. ದೂರ ಎರಡು ಪಟ್ಟಾದರೆ ಪರಿಣಾಮ ನಾಲ್ಕು ಪಟ್ಟು. ಹಬ್ ಹತ್ತಿರದ ಒಂದು ಕೆಜಿಗೂ ಟೈರಿನ ಹೊರಮೈಯ ಒಂದು ಕೆಜಿಗೂ ಅಜಗಜಾಂತರ.

ಹಂತ 1: ಕಾರಿನಿಂದ ಏನು ಬೇಕು ಅಂತ ಬರೆದುಕೊಳ್ಳಿ

ಒಂದೇ ಸಾಲು ಸಾಕು. "ತಿರುವುಗಳ ರಸ್ತೆಯಲ್ಲಿ ಚುರುಕಾಗಿ ಓಡಬೇಕು", "ಟ್ರ್ಯಾಕ್‌ನಲ್ಲಿ ಲ್ಯಾಪ್ ಸಮಯ ಇಳಿಯಬೇಕು", "ಹಳೇ ಕಾರು ಕಾರ್ಖಾನೆಯಿಂದ ಬಂದ ಹಾಗೇ ಕಾಣಬೇಕು", "ನೋಡಲು ಚೆನ್ನಾಗಿರಬೇಕು". ಕೊನೆಯದನ್ನು ಬರೆಯಲು ನಾಚಿಕೆ ಬೇಡ. ಚೆಂದಕ್ಕಾಗಿ ವೀಲ್ ಕೊಳ್ಳುವುದು ತಪ್ಪೇನಲ್ಲ. ಚೆಂದಕ್ಕೆ ಕೊಂಡು, ಅದಕ್ಕೆ ತೂಕದ ನೆಪ ಹೇಳಿಕೊಳ್ಳುವುದರಿಂದ ಮಾತ್ರ ದುಡ್ಡು ಹಾಳು. ಚೆಂದವೇ ಗುರಿಯಾದರೆ 7ನೇ ಹಂತಕ್ಕೆ ನೇರ ಹೋಗಿ. ಅಲ್ಲಿಂದ ಮುಂದಿನದು ಎಲ್ಲರಿಗೂ ಬೇಕು.

ಹಂತ 2: ಕಾರಿನ ಬುಡ ಗಟ್ಟಿ ಇದೆಯಾ ನೋಡಿ

ಶಾಕ್ ಅಬ್ಸಾರ್ಬರ್ ಎಣ್ಣೆ ಸೋರುತ್ತಿದ್ದರೆ, ಬುಶ್‌ಗಳು ಬಿರುಕು ಬಿಟ್ಟಿದ್ದರೆ, ಬಾಲ್ ಜಾಯಿಂಟ್ ಅಲುಗಾಡುತ್ತಿದ್ದರೆ, ವೀಲ್ ಬೇರಿಂಗ್ ಗುಯ್‌ಗುಡುತ್ತಿದ್ದರೆ ಈ ಲೇಖನವನ್ನು ಸದ್ಯಕ್ಕೆ ಮುಚ್ಚಿಡಿ. ಜಗತ್ತಿನ ಅತಿ ಹಗುರ ವೀಲ್ ಕೂಡ ಸತ್ತ ಶಾಕ್ ಅಬ್ಸಾರ್ಬರ್‌ನ ಕೆಲಸ ಮಾಡುವುದಿಲ್ಲ.

ಟೈರಿನ ವಯಸ್ಸನ್ನೂ ನೋಡಿ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿಯ ಸಂಖ್ಯೆ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಹಳತಾಗಿ ಗಟ್ಟಿಯಾದ ಟೈರು ಇದ್ದರೆ ಮೊದಲ ದುಡ್ಡು ಅಲ್ಲಿಗೆ ಹೋಗಬೇಕು. ಹಿಡಿತದ ವಿಷಯದಲ್ಲಿ ಒಳ್ಳೆಯ ಟೈರು ಕೊಡುವಷ್ಟನ್ನು ಯಾವ ರಿಮ್ಮೂ ಕೊಡುವುದಿಲ್ಲ. ಈ ಮಾತಿನಲ್ಲಿ ನಾನು ರಾಜಿ ಆಗುವವನಲ್ಲ.

ಹಂತ 3: ಈಗಿರುವ ವೀಲ್ ತೂಗಿ

ಇದನ್ನು ಬಿಟ್ಟು ಮುಂದೆ ಹೋಗುವವರೇ ಜಾಸ್ತಿ. ಹೊಸ ವೀಲ್‌ನ ತೂಕ ಬಾಯಿಪಾಠ ಇರುತ್ತದೆ, ತಮ್ಮ ಕಾರಿನಲ್ಲಿರುವುದರ ತೂಕ ಕೇಳಿದರೆ ಗೊತ್ತಿಲ್ಲ. ಉಳಿತಾಯ ಅನ್ನುವುದು ಎರಡು ಸಂಖ್ಯೆಗಳ ವ್ಯತ್ಯಾಸ ಅಲ್ವಾ?

ಒಂದು ವೀಲ್ ಬಿಚ್ಚಿ ಟೈರಿನ ಸಮೇತ ತೂಗಿ. ನೇತಾಡಿಸುವ ತಕ್ಕಡಿ ಇಲ್ಲದಿದ್ದರೆ ಮನುಷ್ಯರ ತೂಕದ ಯಂತ್ರದ ಮೇಲೆ ವೀಲ್ ಹಿಡಿದು ನಿಂತು, ನಿಮ್ಮ ತೂಕ ಕಳೆಯಿರಿ. ರಿಮ್ ಮತ್ತು ಟೈರನ್ನು ಬೇರೆ ಬೇರೆ ತೂಗಬೇಕಾದರೆ ಮುಂದಿನ ಸಲ ಟೈರು ಬದಲಿಸುವಾಗ ಅಂಗಡಿಗೆ ತಕ್ಕಡಿ ಒಯ್ಯಿರಿ. ಹಳೆಯದನ್ನೂ ಹೊಸದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಮುಖ್ಯ. ತಕ್ಕಡಿ 200 ಗ್ರಾಂ ತಪ್ಪು ತೋರಿಸಿದರೂ ಎರಡಕ್ಕೂ ಒಂದೇ ತಪ್ಪು, ವ್ಯತ್ಯಾಸ ಸರಿಯಾಗೇ ಬರುತ್ತದೆ.

ಇಲ್ಲಿ ಎರಡು ಮೋಸದ ಜಾಗಗಳಿವೆ. ಒಂದು, ಅಲಾಯ್ ಎಂದ ಮಾತ್ರಕ್ಕೆ ಹಗುರ ಎಂದುಕೊಳ್ಳುವುದು. ಅಲ್ಯೂಮಿನಿಯಂನ ಸಾಂದ್ರತೆ ಉಕ್ಕಿನ ಮೂರನೇ ಒಂದು ಭಾಗದಷ್ಟು ನಿಜ. ಆದರೆ ಬಲಕ್ಕಾಗಿ ಅದನ್ನು ದಪ್ಪಗೆ ಎರಕ ಹೊಯ್ಯಬೇಕು. ಹಾಗಾಗಿ ಸಾಧಾರಣ ಎರಕದ ಅಲಾಯ್ ವೀಲ್ ಅದೇ ಅಳತೆಯ ಉಕ್ಕಿನ ವೀಲ್‌ನಷ್ಟೇ ತೂಗುವುದುಂಟು, ಕೆಲವೊಮ್ಮೆ ಜಾಸ್ತಿಯೂ ತೂಗುತ್ತದೆ. ಇನ್ನೊಂದು, ಕ್ಯಾಟಲಾಗ್‌ನಲ್ಲಿ ದೊಡ್ಡದಾಗಿ ಹಾಕಿದ ತೂಕ ಸಾಮಾನ್ಯವಾಗಿ ಆ ಮಾದರಿಯ ಅತಿ ಸಣ್ಣ, ಅತಿ ಕಿರಿದಾದ ವೀಲ್‌ನದು. ನೀವು ಕೊಳ್ಳುವ ವ್ಯಾಸ, ಅಗಲ, ಆಫ್‌ಸೆಟ್‌ನ (ಇದೇನೆಂದು 8ನೇ ಹಂತದಲ್ಲಿದೆ) ತೂಕವನ್ನೇ ಕೇಳಿ ಪಡೆಯಿರಿ.

ಅಳತೆಗೋಲು ಬೇಕು ಅನ್ನುವವರಿಗೆ ಒಂದು ಹೆಸರು. ಜಪಾನಿನ ರೇಸ್ (Rays) ಎಂಬ ವೀಲ್ ಕಂಪನಿ 1996ರಲ್ಲಿ ತಂದ ಟಿಇ37 ವೀಲ್‌ಗೆ ಆ ಸಂಖ್ಯೆ ಬಂದಿದ್ದೇ 15 ಇಂಚು, 6 ಇಂಚು ಅಗಲದ ಅಳತೆಯಲ್ಲಿ ಅದು 3.7 ಕೆಜಿ ಇತ್ತು ಎಂದು. ಅದು ಫೋರ್ಜ್ ಮಾಡಿದ, ಅಂದರೆ ಗಟ್ಟಿ ಲೋಹವನ್ನು ಒತ್ತಿ ಮಾಡಿದ ವೀಲು. ಹೆಸರೇ ಕೇಳದ ತಯಾರಕನ ಅಗ್ಗದ ಎರಕದ ವೀಲ್ ಅದಕ್ಕಿಂತ ಹಗುರ ಎಂದು ಯಾರಾದರೂ ಹೇಳಿದರೆ ತಕ್ಕಡಿಯನ್ನೇ ನಂಬಿ. ತೂಕ ನಿಜವೇ ಆಗಿದ್ದರೆ ಇನ್ನೂ ಭಯಪಡಿ.

ಹಂತ 4: ಲೆಕ್ಕ ಹಾಕಿ

"ವೀಲ್‌ನಲ್ಲಿ ಒಂದು ಕೆಜಿ ಇಳಿಸಿದರೆ ಬಾಡಿಯಲ್ಲಿ ಹತ್ತು ಕೆಜಿ ಇಳಿಸಿದ ಹಾಗೆ" ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ವೇಗ ಏರಿಸುವ ವಿಷಯದಲ್ಲಿ ಇದು ಸುಳ್ಳು. ಉರುಳುವ ವೀಲ್‌ನ ತೂಕ ಎರಡು ಪಟ್ಟಿಗಿಂತ ಜಾಸ್ತಿ ಎಣಿಕೆಗೆ ಬರಲು ಸಾಧ್ಯವೇ ಇಲ್ಲ. ಆ ಎರಡು ಪಟ್ಟು ಕೂಡ ತೂಕವೆಲ್ಲ ಟೈರಿನ ಹೊರ ಅಂಚಿನಲ್ಲೇ ಇದ್ದರೆ ಮಾತ್ರ.

ನಿಜವಾದ ಸಂಖ್ಯೆ ಹೀಗೆ ಬರುತ್ತದೆ. 195/50 ಆರ್15 (195 ಮಿಮೀ ಅಗಲ, ಅದರ ಶೇ 50ರಷ್ಟು ಗೋಡೆಯ ಎತ್ತರ, 15 ಇಂಚಿನ ರಿಮ್) ಟೈರಿನ ಹೊರ ವ್ಯಾಸ ಸುಮಾರು 576 ಮಿಮೀ. ಅದರೊಳಗಿನ 15 ಇಂಚಿನ ರಿಮ್‌ನ ವ್ಯಾಸ 381 ಮಿಮೀ. ಅಂದರೆ ರಿಮ್‌ನ ಅಂಚು ಇರುವುದೇ ಮೂರನೇ ಎರಡರಷ್ಟು ದೂರದಲ್ಲಿ. 0.66ರ ವರ್ಗ ಸುಮಾರು 0.44. ರಿಮ್‌ನ ಲೋಹದಲ್ಲಿ ಒಂದಷ್ಟು ಕಡ್ಡಿಗಳಲ್ಲೂ (ಸ್ಪೋಕ್) ನಡುವಿನಲ್ಲೂ ಇರುವುದರಿಂದ ಅದು ಇನ್ನೂ ಇಳಿಯುತ್ತದೆ. ಕಾರಿನ ಜೊತೆ ಮುಂದಕ್ಕೆ ಸಾಗುವ 1 ಕೆಜಿಗೆ ಇದನ್ನು ಕೂಡಿಸಬೇಕು. ಹಾಗಾಗಿ ರಿಮ್‌ನಲ್ಲಿ ಉಳಿಸಿದ ಒಂದು ಕೆಜಿ ಬಾಡಿಯಲ್ಲಿ ಉಳಿಸಿದ ಸುಮಾರು 1.3ರಿಂದ 1.4 ಕೆಜಿಗೆ ಸಮ. ಟೈರಿನಲ್ಲಿ ಉಳಿಸಿದ ಒಂದು ಕೆಜಿ ಮಾತ್ರ 1.8ರ ಹತ್ತಿರ ಬರುತ್ತದೆ, ಯಾಕೆಂದರೆ ಟೈರಿನ ರಬ್ಬರ್ ಹೆಚ್ಚಾಗಿ ಹೊರಗಡೆಯೇ ಇದೆ.

ಒಂದು ಉದಾಹರಣೆ ನೋಡೋಣ. ಚಾಲಕನೂ ಸೇರಿ 1000 ಕೆಜಿ ಕಾರು. ಪ್ರತಿ ವೀಲ್‌ನಲ್ಲಿ 3 ಕೆಜಿ ಉಳಿಯಿತು ಅಂದುಕೊಳ್ಳಿ, ಒಟ್ಟು 12 ಕೆಜಿ. 1.35ರಿಂದ ಗುಣಿಸಿದರೆ 16 ಕೆಜಿ. ಅಂದರೆ ಡಿಕ್ಕಿಯಿಂದ 16 ಕೆಜಿ ಸಾಮಾನು ಇಳಿಸಿದಷ್ಟು, ಒಟ್ಟು ತೂಕದ ಶೇ 1.6. ಕಾರು 100 ಕಿಮೀ ವೇಗ ಮುಟ್ಟಲು 12 ಸೆಕೆಂಡ್ ತಗೊಳ್ಳುತ್ತಿದ್ದರೆ, 0.2 ಸೆಕೆಂಡ್‌ಗಿಂತ ಕಡಿಮೆ ಉಳಿಯುತ್ತದೆ. ಸ್ಟಾಪ್‌ವಾಚ್‌ನಲ್ಲಿ ಕಾಣಬಹುದು, ಸೀಟಿನಲ್ಲಿ ಕೂತವರಿಗೆ ಗೊತ್ತಾಗುವುದು ಕಷ್ಟ. ಬಳಸದ ಸಾಮಾನನ್ನು ಡಿಕ್ಕಿಯಿಂದ ತೆಗೆದರೂ ಇಷ್ಟೇ ಸಿಗುತ್ತದೆ, ಅದೂ ಪುಕ್ಕಟೆ.

ಬ್ರೇಕಿಂಗ್? ನಯವಾದ ರಸ್ತೆಯಲ್ಲಿ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಟೈರಿನ ಹಿಡಿತ. ಅಲ್ಲಿ ಹಗುರ ವೀಲ್‌ನ ಪಾತ್ರ ಸಣ್ಣದು. ಮೈಲೇಜ್? ಒಂದೇ ವೇಗದಲ್ಲಿ ಓಡುವಾಗ ವೀಲ್‌ನ ತೂಕಕ್ಕೆ ಹೆಚ್ಚು ಕೆಲಸವೇ ಇಲ್ಲ. ಗಾಳಿಯ ತಡೆ, ಟೈರಿನ ಉರುಳು ತಡೆ ಅಲ್ಲಿ ಯಜಮಾನರು.

ಈಗ ಇನ್ನೊಂದು ಲೆಕ್ಕ. ಅದೇ ಕಾರಿನ ಒಂದು ಮೂಲೆ ತಗೊಳ್ಳಿ. ಸುಮಾರು 250 ಕೆಜಿ. ಅದರಲ್ಲಿ ಟೈರು ಸಮೇತ ವೀಲ್ 16 ಕೆಜಿ, ಹಬ್, ಡಿಸ್ಕು, ಕ್ಯಾಲಿಪರ್, ತೋಳಿನ ಪಾಲು ಸೇರಿ ಇನ್ನೊಂದು 16 ಕೆಜಿ ಎಂದು ಇಟ್ಟುಕೊಳ್ಳಿ. ಅನ್‌ಸ್ಪ್ರಂಗ್ ತೂಕ 32 ಕೆಜಿ. ಅದರಲ್ಲಿ 3 ಕೆಜಿ ಹೋದರೆ ಶೇ 9ಕ್ಕಿಂತ ಜಾಸ್ತಿ ಹೋಯಿತು. ಅದೇ 3 ಕೆಜಿ ಪಿಕಪ್‌ನ ಲೆಕ್ಕದಲ್ಲಿ ಶೇ 1.6, ಇಲ್ಲಿ ಶೇ 9. ಹಗುರ ವೀಲ್‌ನ ಬಗ್ಗೆ ತೀರ್ಮಾನ ನಿಂತಿರುವುದು ಈ ಎರಡನೇ ಸಂಖ್ಯೆಯ ಮೇಲೆ.

ಯಾಕೆ? ಕಾರಿನ ಬಾಡಿ ಸ್ಪ್ರಿಂಗ್‌ಗಳ ಮೇಲೆ ಸೆಕೆಂಡಿಗೆ ಒಂದೆರಡು ಸಲ ಏರಿಳಿಯುತ್ತದೆ. ವೀಲು ಟೈರಿನ ಗಾಳಿಗೂ ಸ್ಪ್ರಿಂಗ್‌ಗೂ ನಡುವೆ ಸೆಕೆಂಡಿಗೆ ಸುಮಾರು 10ರಿಂದ 15 ಸಲ ಕುಣಿಯುತ್ತದೆ. ಉಬ್ಬು ಬಂದಾಗ ಭಾರದ ವೀಲ್ ಮೇಲಕ್ಕೆ ಚಿಮ್ಮಿದರೆ ಅದನ್ನು ವಾಪಸ್ ನೆಲಕ್ಕೆ ತರಲು ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಜಾಸ್ತಿ ಒದ್ದಾಡಬೇಕು. ಅಷ್ಟು ಹೊತ್ತು ಟೈರು ನೆಲವನ್ನು ಸಡಿಲವಾಗಿ ಹಿಡಿದಿರುತ್ತದೆ. ತಿರುವಿನ ನಡುವೆ ಒರಟು ತೇಪೆ ಸಿಕ್ಕಾಗ ಕಾರು ಪಕ್ಕಕ್ಕೆ ಜಿಗಿದಂತೆ ಆಗುವುದು ಇದರಿಂದಲೇ. ವೀಲ್ ಹಗುರವಾದರೆ ಆ ಜಿಗಿತ ಕಡಿಮೆಯಾಗುತ್ತದೆ. ಕಾರು ಎಷ್ಟು ಹಗುರವೋ ಲಾಭ ಅಷ್ಟು ಜಾಸ್ತಿ. 800 ಕೆಜಿಯ ಹಳೇ ಹ್ಯಾಚ್‌ಬ್ಯಾಕ್‌ನಲ್ಲಿ 3 ಕೆಜಿ ದೊಡ್ಡ ಮಾತು. 1800 ಕೆಜಿಯ ಸೆಡಾನ್‌ನಲ್ಲಿ ಅದೇ 3 ಕೆಜಿ ಕಳೆದುಹೋಗುತ್ತದೆ.

ಹಂತ 5: ಅಳತೆ ಏರಿಸುವ ಆಸೆ ತಡೆದುಕೊಳ್ಳಿ

ಹಗುರ ವೀಲ್ ಕೊಳ್ಳಲು ಹೊರಟವರು 14 ಇಂಚಿನ ಬದಲು 16 ಇಂಚಿನದನ್ನು ಕೊಂಡು ಬರುತ್ತಾರೆ. ದೊಡ್ಡ ವೀಲು ಭಾರ. ಅದರ ಲೋಹವೂ ನಡುವಿನಿಂದ ದೂರ ಹೋಗುತ್ತದೆ. ಅಗಲದ ಟೈರು ಇನ್ನಷ್ಟು ಭಾರ. ದುಬಾರಿ ಹಗುರ ವೀಲ್ ಕೊಂಡು ಕೊನೆಗೆ ಮೊದಲಿನ ತೂಕದಲ್ಲೇ ನಿಂತವರು ಬೇಕಾದಷ್ಟು ಜನ ಇದ್ದಾರೆ.

ಬ್ರೇಕ್ ಒಳಗೆ ಹಿಡಿಯುವಷ್ಟು ಸಣ್ಣ ವ್ಯಾಸ, ನಿಮಗೆ ಬೇಕಾದ ಟೈರಿಗೆ ಒಪ್ಪುವಷ್ಟು ಅಗಲ. ನನ್ನ ಪ್ರಕಾರ ಅದೇ ಸರಿಯಾದ ಅಳತೆ. ಸಣ್ಣ ರಿಮ್‌ಗೆ ಎತ್ತರದ ಗೋಡೆಯ ಟೈರು ಬರುತ್ತದೆ, ಗುಂಡಿಗೆ ಬಿದ್ದಾಗ ರಿಮ್ ಉಳಿಯುತ್ತದೆ. ಹಗುರ ವೀಲ್‌ಗೆ ಇದು ಇನ್ನೂ ಮುಖ್ಯ.

ಟೈರಿನ ಹೊರ ವ್ಯಾಸ ಮೊದಲಿನದಕ್ಕೆ ಹತ್ತಿರ ಇರಲಿ. 175/65 ಆರ್14ರ ವ್ಯಾಸ ಸುಮಾರು 583 ಮಿಮೀ, 185/55 ಆರ್15ರದು 584.5 ಮಿಮೀ. ಒಳ್ಳೆಯ ಜೋಡಿ. ಅದರ ಬದಲು 195/45 ಆರ್15 ಹಾಕಿದರೆ 556.5 ಮಿಮೀ ಆಗುತ್ತದೆ. ಗೇರಿಂಗ್, ಅಂದರೆ ಎಂಜಿನ್‌ನ ಒಂದು ಸುತ್ತಿಗೆ ಕಾರು ಸಾಗುವ ದೂರ, ಶೇ 4.5ರಷ್ಟು ಚಿಕ್ಕದಾಗುತ್ತದೆ. ಸ್ಪೀಡೋಮೀಟರ್ ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ. ಕಾರು ಚುರುಕಾಯಿತು ಅಂತಲೂ ಅನಿಸುತ್ತದೆ! ಆ ಚುರುಕು ಬಂದದ್ದು ಟೈರು ಚಿಕ್ಕದಾಗಿದ್ದರಿಂದ. "ಹಗುರ ವೀಲ್ ಹಾಕಿದ ಮೇಲೆ ಪಿಕಪ್ ಸಖತ್" ಎಂಬ ಎಷ್ಟೋ ಮಾತುಗಳ ಹಿಂದೆ ಇರುವುದು ಈ ಗೇರಿಂಗ್.

ಹಂತ 6: ತಯಾರಿಕೆಯ ವಿಧಾನ ತಿಳಿದುಕೊಳ್ಳಿ

ಎರಕದ ವೀಲ್: ಕರಗಿಸಿದ ಅಲ್ಯೂಮಿನಿಯಂ ಅನ್ನು ಅಚ್ಚಿಗೆ ಹೊಯ್ದು ಮಾಡಿದ್ದು. ಅಗ್ಗ, ಭಾರ. ಜೋರಾಗಿ ಹೊಡೆತ ಬಿದ್ದರೆ ಬಾಗುವ ಬದಲು ಬಿರುಕು ಬಿಡುವ ಸ್ವಭಾವ.

ಫ್ಲೋ ಫಾರ್ಮಿಂಗ್: ಮೊದಲು ಎರಕ ಹೊಯ್ಯುತ್ತಾರೆ. ಆಮೇಲೆ ಅದನ್ನು ಬಿಸಿ ಮಾಡಿ ತಿರುಗಿಸುತ್ತಾ, ಟೈರು ಕೂರುವ ಸುತ್ತುಗೋಡೆಯನ್ನು ರೋಲರ್‌ಗಳಿಂದ ಒತ್ತಿ ತೆಳ್ಳಗೆ ಎಳೆಯುತ್ತಾರೆ. ತೂಕ ಕಡಿಮೆಯಾಗುವುದು ಹೊರ ಭಾಗದಲ್ಲೇ, ಅಂದರೆ ನಮಗೆ ಬೇಕಾದ ಜಾಗದಲ್ಲಿ. ಬಹುಪಾಲು ಪ್ರಾಜೆಕ್ಟ್ ಕಾರುಗಳಿಗೆ ನಾನು ಹೇಳುವುದು ಇದನ್ನೇ. ಕೊಟ್ಟ ದುಡ್ಡಿಗೆ ಉಳಿಯುವ ಕೆಜಿ ಇಲ್ಲಿ ಜಾಸ್ತಿ. ಆದರೆ ಮಾರುವವರು ಇದಕ್ಕೆ "ರೋಟರಿ ಫೋರ್ಜ್ಡ್" ಎಂಬ ಹೆಸರು ಹಾಕುವುದುಂಟು. ಆ ಹೆಸರು ನೋಡಿ ಫೋರ್ಜ್ಡ್ ವೀಲ್‌ನ ಬೆಲೆ ಕೊಡಬೇಡಿ.

ಫೋರ್ಜ್ಡ್: ಗಟ್ಟಿ ಅಲ್ಯೂಮಿನಿಯಂ ತುಂಡನ್ನು ಸಾವಿರಾರು ಟನ್ ಒತ್ತಡದಲ್ಲಿ ಒತ್ತಿ ಆಕಾರಕ್ಕೆ ತಂದು, ಮೇಲೆ ಯಂತ್ರದಲ್ಲಿ ಕೆತ್ತಿದ್ದು. ಲೋಹದ ಒಳರಚನೆ ಒತ್ತೊತ್ತಾಗಿರುವುದರಿಂದ ಕಡಿಮೆ ಲೋಹದಲ್ಲೇ ಅದೇ ಬಲ. ಪೆಟ್ಟು ತಿಂದರೆ ಸಾಮಾನ್ಯವಾಗಿ ಮೊದಲು ಬಾಗುತ್ತದೆ. ಫೋರ್ಜ್ಡ್ ಎಂದರೆ ಹಗುರ ಎಂದೇ ಅರ್ಥವಲ್ಲ. ಅಗಲ ಜಾಸ್ತಿ, ವಿನ್ಯಾಸ ಜಾಸ್ತಿ ಇರುವ ಫೋರ್ಜ್ಡ್ ವೀಲ್ ಭಾರವಾಗಿಯೇ ಇರುತ್ತದೆ.

ಎರಡು ಮೂರು ತುಂಡುಗಳನ್ನು ಬೋಲ್ಟ್ ಹಾಕಿ ಜೋಡಿಸಿದ ವೀಲ್‌ಗಳು ಹಳೇ ಕಾರಿಗೆ ಬಹಳ ಒಪ್ಪುತ್ತವೆ, ತೂಕದ ಲೆಕ್ಕದಲ್ಲಿ ಲಾಭ ಕಡಿಮೆ. ಮೆಗ್ನೀಸಿಯಂ ಇನ್ನೂ ಹಗುರ. ಅದು ಬೇಗ ತುಕ್ಕು ಹಿಡಿಯುತ್ತದೆ, ಬಣ್ಣ ಕಿತ್ತ ಜಾಗವನ್ನು ಹಾಗೇ ಬಿಡುವಂತಿಲ್ಲ. ಸೆಕೆಂಡ್ ಹ್ಯಾಂಡ್ ಮೆಗ್ನೀಸಿಯಂ ರೇಸ್ ವೀಲ್ ಅಗ್ಗಕ್ಕೆ ಸಿಕ್ಕಿದರೆ ದೂರ ಇರಿ. ಕಾರ್ಬನ್ ಫೈಬರ್ ನಮ್ಮಂಥವರ ಪ್ರಾಜೆಕ್ಟ್‌ಗೆ ಸಂಬಂಧಪಟ್ಟ ವಿಷಯ ಅಲ್ಲ.

ಹಂತ 7: ಭಾರ ಹೊರುವ ಮಿತಿ ಮತ್ತು ಮುದ್ರೆ

ಹಗುರ ವೀಲ್‌ನಲ್ಲಿ ಲೋಹ ಕಡಿಮೆ, ತಪ್ಪಿಗೆ ಅವಕಾಶವೂ ಕಡಿಮೆ. ಕೈಪಿಡಿಯಲ್ಲೋ ಬಾಗಿಲ ಚೌಕಟ್ಟಿನ ಚೀಟಿಯಲ್ಲೋ ಪ್ರತಿ ಆಕ್ಸಲ್‌ನ ಗರಿಷ್ಠ ತೂಕ ಬರೆದಿರುತ್ತದೆ. ಅದನ್ನು ಎರಡರಿಂದ ಭಾಗಿಸಿ. ಆಕ್ಸಲ್ ಮಿತಿ 900 ಕೆಜಿ ಆದರೆ ಒಂದೊಂದು ವೀಲ್ ಕನಿಷ್ಠ 450 ಕೆಜಿ ಹೊರಬೇಕು. ಅದಕ್ಕಿಂತ ಸಾಕಷ್ಟು ಜಾಸ್ತಿ ಇದ್ದರೆ ನಿದ್ದೆ ಚೆನ್ನಾಗಿ ಬರುತ್ತದೆ. ಈ ಸಂಖ್ಯೆ ವೀಲ್‌ನ ಹಿಂಬದಿಯಲ್ಲಿ ಅಥವಾ ತಯಾರಕರ ದಾಖಲೆಯಲ್ಲಿ ಇರಬೇಕು. ಎಲ್ಲೂ ಇಲ್ಲದಿದ್ದರೆ ಆ ವೀಲ್ ಬೇಡ.

ಮುದ್ರೆಗಳಲ್ಲಿ ಜೆಡಬ್ಲ್ಯುಎಲ್ ಎಂಬುದು ಜಪಾನಿನ ಅಲಾಯ್ ವೀಲ್ ಮಾನದಂಡ. ಬಾಗುವ ಆಯಾಸ, ಭಾರದಡಿ ಉರುಳುವ ಆಯಾಸ, ಪೆಟ್ಟು: ಈ ಮೂರು ಪರೀಕ್ಷೆಗಳು ಅದರಲ್ಲಿವೆ. ಆಯಾಸ ಅಂದರೆ ಮತ್ತೆ ಮತ್ತೆ ಬೀಳುವ ಸಣ್ಣ ಒತ್ತಡದಿಂದ ಲೋಹ ಕ್ರಮೇಣ ಸೋಲುವುದು. ಜೆಡಬ್ಲ್ಯುಎಲ್ ಅನ್ನು ತಯಾರಕರೇ ಹಾಕಿಕೊಳ್ಳಬಹುದು. ಪಕ್ಕದಲ್ಲಿ ವಿಐಎ ಎಂದಿದ್ದರೆ ಹೊರಗಿನ ಸಂಸ್ಥೆಯೊಂದು ಪರೀಕ್ಷಿಸಿ ನೋಂದಾಯಿಸಿದೆ ಎಂದರ್ಥ. ಜರ್ಮನಿಯ ಟಿಯುವಿ ಪ್ರಮಾಣಪತ್ರವೂ, ಅಮೆರಿಕದ ಎಸ್‌ಎಇ ಜೆ2530 ಮಾನದಂಡವೂ ನಂಬಿಕೆಗೆ ಯೋಗ್ಯ. ನಕಲಿ ವೀಲ್‌ಗಳಲ್ಲಿ ಮುದ್ರೆಯೂ ನಕಲಿ ಆಗಿರುವುದುಂಟು. ಮಾರುವವರು ಯಾರು ಎನ್ನುವುದು ಮುದ್ರೆಯಷ್ಟೇ ಮುಖ್ಯ.

ಹಂತ 8: ಕೂರುತ್ತದೆಯಾ ಅಳೆಯಿರಿ

ಪಿಸಿಡಿ ಎಂದರೆ ಬೋಲ್ಟ್ ತೂತುಗಳು ಕೂರುವ ವೃತ್ತದ ವ್ಯಾಸ. 4x100 ಅಂದರೆ 100 ಮಿಮೀ ವೃತ್ತದಲ್ಲಿ ನಾಲ್ಕು ತೂತು. 4x98 ವೀಲ್ 4x100 ಹಬ್‌ಗೆ "ಹೇಗೋ ಕೂರುತ್ತದೆ" ಎನ್ನುವವರ ಮಾತು ಕೇಳಬೇಡಿ.

ನಡುವಿನ ತೂತಿನ ವ್ಯಾಸ ಹಬ್‌ಗಿಂತ ದೊಡ್ಡದಿದ್ದರೆ ನಡುವೆ ಉಂಗುರ ಹಾಕಬಹುದು. ಚಿಕ್ಕದಿದ್ದರೆ ಆ ವೀಲ್ ನಿಮ್ಮದಲ್ಲ.

ಆಫ್‌ಸೆಟ್ ಅಥವಾ ಇಟಿ: ರಿಮ್‌ನ ಅಗಲದ ನಡುಗೆರೆಯಿಂದ, ಹಬ್‌ಗೆ ತಾಗುವ ಮೈ ಎಷ್ಟು ಮಿಮೀ ಹೊರಗಿದೆ ಎಂಬ ಅಳತೆ. ಇಟಿ ಕಡಿಮೆಯಾದರೆ ವೀಲ್ ಹೊರಕ್ಕೆ ಬರುತ್ತದೆ. ಎಡವುವುದು ಎಲ್ಲಿ ಅಂದರೆ, ಅಗಲ ಬದಲಾದಾಗ ಬರೀ ಇಟಿ ಹೋಲಿಸುವುದರಲ್ಲಿ. ಲೆಕ್ಕ ನೋಡಿ. ಹಳೆಯದು 6 ಇಂಚು ಅಗಲ, ಇಟಿ 45. ಹೊಸದು 7 ಇಂಚು, ಇಟಿ 35. ಒಂದು ಇಂಚು ಜಾಸ್ತಿ ಅಗಲದಲ್ಲಿ ಅರ್ಧ, ಅಂದರೆ 12.7 ಮಿಮೀ ಆಚೆ, 12.7 ಮಿಮೀ ಈಚೆ. ಇಟಿ 10 ಇಳಿದದ್ದರಿಂದ ಇಡೀ ವೀಲ್ 10 ಮಿಮೀ ಹೊರಕ್ಕೆ. ಒಟ್ಟಾರೆ ಹೊರ ಅಂಚು 22.7 ಮಿಮೀ ಹೊರಗೆ, ಒಳ ಅಂಚು 2.7 ಮಿಮೀ ಒಳಗೆ. ಫೆಂಡರ್‌ಗೆ (ವೀಲ್‌ನ ಮೇಲೆ ಸುತ್ತುವರಿದ ಬಾಡಿಯ ಭಾಗ) ತಾಗದಂತೆ ಅಷ್ಟು ಜಾಗ ಇದೆಯಾ? ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ, ಹಿಂದೆ ಮೂವರು ಕೂತಾಗಲೂ ಇದೆಯಾ?

ವೀಲ್ ಜಾಸ್ತಿ ಹೊರ ಬಂದರೆ ಸ್ಕ್ರಬ್ ರೇಡಿಯಸ್ ಬದಲಾಗುತ್ತದೆ. ಸ್ಟೀರಿಂಗ್ ತಿರುಗುವ ಅಕ್ಷ ನೆಲ ಮುಟ್ಟುವ ಬಿಂದುವಿಗೂ ಟೈರಿನ ನಡುವಿಗೂ ಇರುವ ದೂರ ಅದು. ಅದು ಕೆಟ್ಟರೆ ಸ್ಟೀರಿಂಗ್ ಎಳೆದಾಡುತ್ತದೆ, ಬ್ರೇಕ್ ಹಾಕಿದಾಗ ಕೈಗೆ ಒದೆಯುತ್ತದೆ, ಬೇರಿಂಗ್ ಬೇಗ ಸವೆಯುತ್ತದೆ. ಹಗುರ ವೀಲ್‌ನಿಂದ ಗಳಿಸಿದ ಸ್ಟೀರಿಂಗ್ ಸುಖವನ್ನೆಲ್ಲ ತಪ್ಪು ಆಫ್‌ಸೆಟ್ ತಿಂದುಹಾಕುತ್ತದೆ.

ಕ್ಯಾಲಿಪರ್‌ಗೂ ಕಡ್ಡಿಗಳಿಗೂ ಕನಿಷ್ಠ 3ರಿಂದ 5 ಮಿಮೀ ಜಾಗ ಬಿಡಿ. ಕೆಲವು ತಯಾರಕರು ರಟ್ಟಿನಲ್ಲಿ ಕತ್ತರಿಸಿಕೊಳ್ಳುವ ನಕ್ಷೆ ಕೊಡುತ್ತಾರೆ, ಕೇಳಿ. ಒಳಗೆ ಅಂಟಿಸುವ ಬ್ಯಾಲೆನ್ಸ್ ತುಂಡುಗಳಿಗೂ ಜಾಗ ಬೇಕು. ಇದು ಬಹಳ ಜನ ಮರೆಯುವ ವಿಷಯ.

ನಟ್‌ನ ಕೂರುವ ಮೈ ಮೂರು ಥರ: ಶಂಕುವಿನ ಆಕಾರ, ಗೋಳಾಕಾರ, ಚಪ್ಪಟೆ. ವೀಲ್‌ನದೂ ನಟ್‌ನದೂ ಒಂದೇ ಇರಬೇಕು. ಬೇರೆಯಾದರೆ ಬಿಗಿ ಕೂತಂತೆ ಕಂಡರೂ ಓಡುತ್ತಾ ಸಡಿಲವಾಗುತ್ತದೆ. ನಟ್ ಕನಿಷ್ಠ ಸ್ಟಡ್‌ನ (ಹಬ್‌ನಿಂದ ಹೊರಚಾಚಿದ, ನಟ್ ಕೂರುವ ಬೋಲ್ಟ್) ವ್ಯಾಸದಷ್ಟು ಉದ್ದ ಒಳಗೆ ಹೋಗಬೇಕು. 12 ಮಿಮೀ ಸ್ಟಡ್, ಎಳೆಯಿಂದ ಎಳೆಗೆ 1.5 ಮಿಮೀ ಇದ್ದರೆ ಕನಿಷ್ಠ 8 ಸುತ್ತು.

ವೀಲ್ ಅಳತೆ ಬದಲಿಸುವುದಕ್ಕೆ ನಿಮ್ಮಲ್ಲಿ ಏನು ನಿಯಮ, ವಿಮೆಯವರು ಏನನ್ನುತ್ತಾರೆ ಎಂದು ದುಡ್ಡು ಕೊಡುವ ಮೊದಲೇ ವಿಚಾರಿಸಿ.

ಹಂತ 9: ಸೆಕೆಂಡ್ ಹ್ಯಾಂಡ್ ಆದರೆ

ಟೈರು ಬಿಚ್ಚಿಸಿಯೇ ನೋಡಿ. ಬಿರುಕು ಹುಟ್ಟುವುದು ಹೆಚ್ಚಾಗಿ ಒಳಬದಿಯ ಸುತ್ತುಗೋಡೆಯಲ್ಲಿ, ಕಡ್ಡಿಗಳ ಬುಡದಲ್ಲಿ, ಬೋಲ್ಟ್ ತೂತುಗಳ ಸುತ್ತ. ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ತಿರುಗಿಸಿ, ಅಂಚು ಆಚೀಚೆ ಓಲಾಡುತ್ತದೆಯಾ ಗಮನಿಸಿ. ಅನುಮಾನ ಬಂದರೆ ಬಣ್ಣ ಇಂಗಿಸಿ ಬಿರುಕು ತೋರಿಸುವ ಪರೀಕ್ಷೆ ಮಾಡಿಸಬಹುದು. ವೆಲ್ಡ್ ಮಾಡಿದ ವೀಲ್ ಎಷ್ಟೇ ಅಗ್ಗವಾದರೂ ಬೇಡ.

ಹೊಸದಾಗಿ ಬಣ್ಣ ಬಳಿದ ವೀಲ್ ಬಗ್ಗೆ ಎರಡು ಸಲ ಯೋಚಿಸಿ. ಬಣ್ಣದ ಕೆಳಗೆ ಬಿರುಕು ಮುಚ್ಚಿರಬಹುದು ಎನ್ನುವುದು ಒಂದು ಕಾರಣ. ಪೌಡರ್ ಕೋಟಿಂಗ್ ಅನ್ನು ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುತ್ತಾರೆ ಎನ್ನುವುದು ಇನ್ನೊಂದು. ಅಲಾಯ್ ವೀಲ್‌ಗೆ ಬಲ ಬರುವುದು ನಿರ್ದಿಷ್ಟ ಶಾಖದಲ್ಲಿ ಹದ ಮಾಡುವುದರಿಂದ. ಮತ್ತೆ ಮತ್ತೆ, ಹೆಚ್ಚು ಹೊತ್ತು ಬಿಸಿ ಮಾಡಿದರೆ ಆ ಹದ ಕೆಡಬಹುದು. ತೆಳ್ಳಗಿನ ಹಗುರ ವೀಲ್‌ನಲ್ಲಿ ಅಂಥ ಪ್ರಯೋಗ ಬೇಡ.

ಹಂತ 10: ಪೂರ್ತಿ ಖರ್ಚು ಬರೆದು, ತೀರ್ಮಾನ ಮಾಡಿ

ವೀಲ್‌ನ ಬೆಲೆಗೆ ಹೊಸ ಟೈರು, ನಟ್, ಹಬ್ ಉಂಗುರ, ವಾಲ್ವ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಸೇರಿಸಿ. ಒಂದು ವೀಲ್ ಹಾಳಾದರೆ ಅದೊಂದೇ ಬಿಡಿಯಾಗಿ ಸಿಗುತ್ತದೆಯಾ ಎಂದೂ ಕೇಳಿ. ಹಳೆಯದನ್ನು ಮಾರಿ ಬರುವುದನ್ನು ಕಳೆಯಿರಿ. ಬಂದ ಮೊತ್ತವನ್ನು ಉಳಿಯುವ ಒಟ್ಟು ಕೆಜಿಯಿಂದ ಭಾಗಿಸಿ. ಒಂದು ಕೆಜಿಗೆ ಎಷ್ಟು ಬಿತ್ತು? ಅದೇ ದುಡ್ಡಿಗೆ ಒಳ್ಳೆಯ ಶಾಕ್ ಅಬ್ಸಾರ್ಬರ್ ಬರುತ್ತಿತ್ತಾ? ಮೊದಲಿನ ರಿಮ್‌ಗೇ ಪ್ರತಿ ಮೂಲೆಗೆ ಒಂದೂವರೆ ಕೆಜಿ ಹಗುರವಾದ, ಹಿಡಿತ ಜಾಸ್ತಿ ಇರುವ ಟೈರು ಬರುತ್ತಿತ್ತಾ? ಕೊನೆಯದಕ್ಕೆ ಉತ್ತರ ಹೌದು ಅಂತಾದರೆ, ಟೈರಿನ ಕೆಜಿಗೆ 1.8 ಬೆಲೆ ಅನ್ನುವುದನ್ನು ನೆನಪಿಸಿಕೊಳ್ಳಿ.

ನನ್ನ ಅಳತೆ ಇದು, ನೀವು ಒಪ್ಪಲೇಬೇಕೆಂದಿಲ್ಲ. ಟೈರು ಸಮೇತ ತೂಗಿದಾಗ ಪ್ರತಿ ಮೂಲೆಗೆ ಒಂದೂವರೆ ಕೆಜಿಗಿಂತ ಕಡಿಮೆ ಉಳಿದರೆ ತೂಕದ ಹೆಸರಲ್ಲಿ ಕೊಳ್ಳಬೇಡಿ. ಒಂದೂವರೆಯಿಂದ ಮೂರರವರೆಗೆ ಇದ್ದರೆ, ಹಳೇ ವೀಲ್ ಹೇಗೂ ಬದಲಿಸಬೇಕಾಗಿದ್ದರೆ ಮಾತ್ರ ಕೊಳ್ಳಿ. ಮೂರಕ್ಕಿಂತ ಜಾಸ್ತಿ ಉಳಿದು, ಕಾರೂ ಹಗುರವಾಗಿದ್ದು, ಸಸ್ಪೆನ್ಷನ್ ಕೆಲಸ ಮುಗಿದಿದ್ದರೆ ಧೈರ್ಯವಾಗಿ ಕೊಳ್ಳಿ. ದಿನಾ ಗುಂಡಿ ಬಿದ್ದ ರಸ್ತೆಯಲ್ಲಿ ಭಾರ ಹೇರಿಕೊಂಡು ಓಡುವ ಕಾರಾದರೆ ಉಕ್ಕಿನ ವೀಲೇ ಇರಲಿ. ಬಾಗಿದರೆ ಸುತ್ತಿಗೆಗೆ ಬಗ್ಗುತ್ತದೆ, ಹೋದರೆ ಅಗ್ಗಕ್ಕೆ ಇನ್ನೊಂದು ಸಿಗುತ್ತದೆ.

ಹಂತ 11: ಹಾಕಿ, ಪರೀಕ್ಷಿಸಿ

ಹಬ್‌ನ ಮೈ ಮೇಲಿನ ತುಕ್ಕನ್ನು ತಂತಿ ಬ್ರಶ್‌ನಿಂದ ಪೂರ್ತಿ ತೆಗೆಯಿರಿ. ಸ್ವಲ್ಪ ತುಕ್ಕು ಉಳಿದರೂ ವೀಲ್ ಓರೆ ಕೂತು ನಡುಗುತ್ತದೆ. ನಟ್‌ಗಳನ್ನು ಮೊದಲು ಕೈಯಲ್ಲೇ ತಿರುಗಿಸಿ, ಎದುರು ಬದುರು ಕ್ರಮದಲ್ಲಿ ಬಿಗಿಮಾಡಿ, ಕೊನೆಯ ಬಿಗಿತವನ್ನು ಟಾರ್ಕ್ ರೆಂಚ್‌ನಲ್ಲಿ ಕೈಪಿಡಿಯ ಸಂಖ್ಯೆಗೆ ತನ್ನಿ. ಗಾಳಿ ಗನ್‌ನಿಂದ ಬಿಗಿಯಲು ಬಿಡಬೇಡಿ. ನಟ್ ಕೂರುವ ಮೈಗೆ ಗ್ರೀಸ್ ಬೇಡ. 50ರಿಂದ 100 ಕಿಮೀ ಓಡಿದ ಮೇಲೆ ಮತ್ತೆ ಟಾರ್ಕ್ ನೋಡಿ, ಹೊಸ ಅಲಾಯ್‌ನಲ್ಲಿ ಸ್ವಲ್ಪ ಸಡಿಲವಾಗುವುದು ಸಹಜ.

ಪರೀಕ್ಷೆಗೆ ನಯವಾದ ಹೆದ್ದಾರಿ ಬೇಡ, ಅಲ್ಲಿ ಏನೂ ಗೊತ್ತಾಗುವುದಿಲ್ಲ. ನಿಮಗೆ ಚೆನ್ನಾಗಿ ಗೊತ್ತಿರುವ, ತೇಪೆಗಳಿರುವ ಒಂದು ತಿರುವನ್ನು ಮೊದಲೇ ಆರಿಸಿಟ್ಟುಕೊಳ್ಳಿ. ಹಳೇ ವೀಲ್‌ನಲ್ಲಿ ಒಮ್ಮೆ, ಹೊಸದರಲ್ಲಿ ಒಮ್ಮೆ, ಒಂದೇ ಮಿತವೇಗದಲ್ಲಿ, ಒಂದೇ ಗಾಳಿ ಒತ್ತಡದಲ್ಲಿ ಹೋಗಿ. ಆದರೆ ಟೈರೂ ಒಟ್ಟಿಗೆ ಬದಲಾಗಿದ್ದರೆ ಯಾವ ಸುಧಾರಣೆ ಯಾವುದರದು ಎಂದು ಬಿಡಿಸಿ ಹೇಳಲಾಗದು. ಸಾಧ್ಯವಾದರೆ ಅದೇ ಟೈರನ್ನು ಹೊಸ ರಿಮ್‌ಗೆ ಹಾಕಿಸಿ. ಹಳೇ ವೀಲ್‌ಗಳನ್ನು ಈ ಪರೀಕ್ಷೆಯೂ ಎರಡನೇ ಟಾರ್ಕ್ ತಪಾಸಣೆಯೂ ಮುಗಿಯುವ ತನಕ ಮಾರಬೇಡಿ. ನಾಲ್ಕನ್ನು ಮಾರಿದರೂ ಸ್ಟೆಪ್ನಿಯನ್ನು ಇಟ್ಟುಕೊಳ್ಳಿ. ಆದರೆ ಅದರ ನಟ್ ಬೇರೆ ಥರದ್ದಾಗಿದ್ದರೆ ಹಳೇ ನಟ್‌ಗಳ ಒಂದು ಸೆಟ್ಟೂ ಡಿಕ್ಕಿಯಲ್ಲಿರಲಿ.